ಬದಲಿ ಬರುವವರೆಗೆ

ಕಾರು ದಾರಿಯಲ್ಲಿ ಕೆಟ್ಟು ನಿಂತುಬಿಡಲಿ ಎಂದು ಕಾಂತಮ್ಮ ಬೆಳಗಿನಿಂದ ಬೇಡಿಕೊಳ್ಳುತ್ತಿದ್ದಳು. ಇಷ್ಟು ಸಣ್ಣ ಬೇಡಿಕೆಯನ್ನು ಯಾವ ದೇವರ ಮುಂದೆ ಇಡಬೇಕೆಂದು ತಿಳಿಯದೆ ತನ್ನೊಳಗೇ ಇಟ್ಟುಕೊಂಡಿದ್ದಳು. ಮುಂದಿನ ಸೀಟಿನಲ್ಲಿ ಕುಳಿತ ಅಪ್ಪನಿಗೆ ತನ್ನ ಉಸಿರಿನಿಂದಲೇ ಇದು ಗೊತ್ತಾಗಿಬಿಡುತ್ತದೇನೋ ಎಂದು ಹೆದರಿ, ಸೆರಗನ್ನು ಮೂಗಿಗೆ ಒತ್ತಿಕೊಂಡು ಹೊಗೆಗೆ ಕೆಮ್ಮು ಬಂದವಳಂತೆ ನಟಿಸಿದಳು. ಹೊಗೆಯೇನೋ ನಿಜವಾಗಿಯೂ ಇತ್ತು. ಯುದ್ಧ ಮುಗಿದು ವರ್ಷದ ಮೇಲಾಗಿದ್ದರೂ ಪೆಟ್ರೋಲು ಇನ್ನೂ ಕೂಪನ್ನಿನ ಮೇಲೆಯೇ ಸಿಗುತ್ತಿದ್ದುದರಿಂದ ಸೋಮವಾರಪೇಟೆಯ ಆ ಬಾಡಿಗೆ ಕಾರು ಬೆನ್ನಿಗೆ ಇದ್ದಿಲು ಉರಿಸಿ ಗ್ಯಾಸು ಮಾಡುವ ಡ್ರಮ್ಮು ಕಟ್ಟಿಕೊಂಡು ಓಡಾಡುತ್ತಿತ್ತು. ಏರು ಬಂದಲ್ಲೆಲ್ಲ ಡ್ರೈವರ್ ಧರ್ಮಪಾಲ ಇಳಿದು, ಸಲಾಕೆಯಿಂದ ಅದರ ಹೊಟ್ಟೆ ತಿವಿದು, ಕೈ ಒರೆಸಿಕೊಳ್ಳುತ್ತ ಬಂದು ಕೂರುತ್ತಿದ್ದ. "ಇದು ಕಾರೋ ಕಮ್ಮಾರನ ಕುಲುಮೆಯೋ ಮಾರಾಯ?" ಎಂದು ಅಪ್ಪ ಕೇಳಿದರೆ, "ಎರಡೂ ಹೌದು ಧಣಿ, ಬೇಕಾದ್ರೆ ದಾರಿ ಮೇಲೆ ಒಂದು ಕತ್ತಿ ತಟ್ಟಿ ಕೊಡ್ತೇನೆ" ಎಂದ. ಅಪ್ಪ ತೊಡೆ ತಟ್ಟಿ ನಕ್ಕರು. ಇಂದು ಅವರು ಎಲ್ಲದಕ್ಕೂ ನಗುವ ಹುರುಪಿನಲ್ಲಿದ್ದರು. ಮಾದಾಪುರದಲ್ಲಿ ಹವಲ್ದಾರ್ ಬೆಳ್ಳಿಯಪ್ಪನವರ ಅಂಗಡಿ ನೋಡಲು ಎಸ್ಟೇಟಿನ ದೊರೆಸಾನಿ ಬರುವವರಿದ್ದರು. ಮಡಿಕೇರಿಯಿಂದ ಫೋಟೋದವನೂ ಬರುತ್ತಿದ್ದ. ಹವಲ್ದಾರರು ಮೂರು ವರ್ಷದ ಕರಾರಿಗೆ ರುಜು ಹಾಕಬೇಕು, ಆ ಕರಾರನ್ನು ಅವರಿಗೆ ಕನ್ನಡದಲ್ಲಿ ಕಾಂತಮ್ಮ ತಿಳಿಸಿ ಹೇಳಬೇಕು. ಇಷ್ಟೇ ಕೆಲಸ. ಇಷ್ಟೇ ಕೆಲಸ ಎಂದು ಅಪ್ಪ ನಿನ್ನೆಯಿಂದ ಎಷ್ಟು ಸಲ ಹೇಳಿದ್ದರೋ.

"ಕಾಂತೂ, ಉದ್ದ ಎಳೀಬೇಡ ಕಣವ್ವ. ಸೀಮೆಎಣ್ಣೆ ಸಕ್ಕರೆ ಡಿಪೋ ನಿಮಗೇ ಬತ್ತದೆ, ಮೂರು ವರ್ಷ ಅಂಗಡಿ ಬುಟ್ಟು ಹೋಗಂಗಿಲ್ಲ, ಅಂತ ಹೇಳ್ಬುಡು. ಸಾಕು."

"ಹೂಂ ಅಪ್ಪಾಜಿ."

"ನೋಡ್ದೇನೋ ಧರ್ಮಪಾಲ? ನಮ್ಮ ಕಾಂತೂ ಬಾಯಲ್ಲಿ 'ಆಗಲ್ಲ' ಅನ್ನೋ ಮಾತೇ ಇಲ್ಲ. ಬಿ.ಎ. ಓದ್ಸಿದ್ರೆ ಹೆಣ್ಮಕ್ಕಳು ತಲೆ ಮೇಲೆ ಕೂರ್ತಾರೆ ಅಂತ ಊರೆಲ್ಲ ಬುದ್ಧಿ ಹೇಳಿದ್ದೇ ಹೇಳಿದ್ದು ನಂಗೆ."

"ಅಮ್ಮಾವ್ರ ಬಾಯಲ್ಲಿ ಯಾವ ಮಾತೂ ಇಲ್ಲ ಧಣಿ. ಸೋಮವಾರಪೇಟೆಯಿಂದ ಇಲ್ಲಿವರೆಗೆ 'ಹೂಂ' ಒಂದೇ ಕೇಳಿದ್ದು."

ಇಬ್ಬರೂ ನಕ್ಕರು. ಅವಳೂ ನಕ್ಕಳು. ಹೀಗೆ ನಕ್ಕುಬಿಡುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ತನ್ನನ್ನು ನೋಡಿ ನಗುವವರ ಜೊತೆ ನಗುತ್ತಿರುವಾಗ ತಾನು ಯಾವ ಕಡೆಯವಳೆಂಬುದೇ ಮರೆತುಹೋಗುತ್ತಿತ್ತು. ಅಪ್ಪ ಅವಳಿಗೆ ಇದುವರೆಗೆ ಒಂದು ಕೆಲಸವನ್ನೂ ಅಪ್ಪಣೆಯಾಗಿ ಹೇಳಿರಲಿಲ್ಲ. ಹೊಗಳುತ್ತಿದ್ದರು, ಅಷ್ಟೆ. ಮೈಸೂರಿನಿಂದ ಓದು ಮುಗಿಸಿ ಬಂದ ವಾರ, ತಮ್ಮ ದಿನಸಿ ಮಂಡಿಯ ಗದ್ದುಗೆಯ ಮೇಲೆ ಕುಳಿತು ಬಂದವರಿಗೆಲ್ಲ, ನಮ್ಮ ಹುಡುಗಿ ಊರು ಬಿಟ್ಟು ಹೋಗೋಳಲ್ಲ, ಅಮ್ಮನಿಗೆ ಕೈಲಾಗಲ್ಲ ಅಂತ ಅವಳಿಗೆ ಗೊತ್ತು ಎಂದು ಹೇಳುತ್ತಿದ್ದರು. ಅವಳು ಮದರಾಸಿಗೆ ಹೋಗಿ ಮುಂದೆ ಓದುವ ಮಾತನ್ನು ಬಾಯಿಗೆ ತರುವ ಮೊದಲೇ ಆ ಹೊಗಳಿಕೆ ಬಾಗಿಲು ಹಾಕಿಕೊಂಡು ಅಗುಳಿ ಜಡಿದಿತ್ತು. ದಿನಚರಿಯಲ್ಲಿ ಅಂದು ಅವಳು ಬರೆದದ್ದು ಹಲಸಿನ ಹಪ್ಪಳದ ಬಗ್ಗೆ. ಬರೆಯಬೇಕಾದದ್ದನ್ನು ಬಿಟ್ಟು ಪಕ್ಕದ್ದನ್ನು ಬರೆಯುವುದರಲ್ಲಿ ಅವಳ ಕೈ ಪಳಗಿತ್ತು.

ಮುಂಗಾರಿಗೆ ಮುಂಚೆ ಒಂದು ದಿನ ಮಡಿಕೇರಿಯಲ್ಲಿ ಸಮಿತಿ ಸೇರಿದಾಗಲೂ ಹಾಗೆಯೇ ಆಯಿತು. ಯುದ್ಧದಿಂದ ಮರಳಿದವರಿಗೆ ಸ್ವಂತ ಕಸುಬು ಹಿಡಿಸಿಕೊಡುವ ಸಮಿತಿ ಅದು. ದೊರೆಸಾನಿ ಅದರ ಮುಖ್ಯಸ್ಥೆ, ದಿನಸಿ ಮಂಡಿಯ ಪರಮೇಶಪ್ಪ, ಅಂದರೆ ಅಪ್ಪ, ಒಬ್ಬ ಸದಸ್ಯರು. ದೊರೆಸಾನಿ ವಿಲಾಯಿತಿಯಿಂದ ಬಂದು ಹೆಚ್ಚು ಕಾಲವಾಗಿರಲಿಲ್ಲ. ಹೆಂಗಸೊಬ್ಬಳು ದುಭಾಷಿಯಾದರೆ ಅನುಕೂಲ ಎಂದು ಅವರು ಅಂದದ್ದೇ ತಡ, ಅಪ್ಪ ಕಾಂತಮ್ಮನನ್ನು ಕರೆದುಕೊಂಡು ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಕುರ್ಚಿ ಎತ್ತರ, ಅವಳ ಕಾಲು ನೆಲಕ್ಕೆ ಪೂರ್ತಿ ತಾಗುತ್ತಿರಲಿಲ್ಲ. ಮಾಜಿ ಸಿಪಾಯಿಗಳು ಒಬ್ಬೊಬ್ಬರೇ ಬಂದು ನಿಂತರು. ಹೊಲಿಗೆ ಯಂತ್ರ ಬೇಕೆಂದವನಿಗೆ ಹೊಲಿಗೆ ಯಂತ್ರ, ಸೋಡಾ ಮಾಡುವ ಯಂತ್ರ ಬೇಕೆಂದವನಿಗೆ ಅದು. ಎಲ್ಲರೂ ಏನನ್ನೋ ಕಲಿತುಕೊಂಡು ಬಂದವರಂತೆ ಪಟಪಟನೆ ಹೇಳಿದರು, ಅವಳು ಪಟಪಟನೆ ಇಂಗ್ಲಿಷಿಗೆ ತಿರುಗಿಸಿದಳು. ಇಂಗ್ಲಿಷಿನಲ್ಲಿ ಮಾತಾಡುವಾಗ ಅವಳ ಗಂಟಲಿನಿಂದ ಬರುತ್ತಿದ್ದುದು ಕಾಲೇಜಿನ ವಾರ್ಡನ್ ಹೆಂಗಸಿನ ದನಿ. ಆ ದನಿಗೆ ಅನುಮಾನವೆಂಬುದೇ ತಿಳಿಯದು. ಆಮೇಲೆ ಹವಲ್ದಾರ್ ಬೆಳ್ಳಿಯಪ್ಪನವರು ಬಂದರು. ಎತ್ತರದ ಆಳು. ಮುಖ ಮಾತ್ರ ಬಿಸಿಲಲ್ಲಿ ಬಿಟ್ಟ ಚರ್ಮದ ಚೀಲದಂತೆ ಒಳಕ್ಕೆ ಎಳೆದುಕೊಂಡಿತ್ತು. ನಿಮಗೇನು ಬೇಕು ಎಂದು ದೊರೆಸಾನಿ ಕಾಂತಮ್ಮನ ಬಾಯಿಂದ ಕೇಳಿಸಿದರು. ದೊರೆಸಾನಿ ಮೃದುವಾಗಿ ಇನ್ನೊಮ್ಮೆ ಕೇಳಿಸಿದರು. ಹವಲ್ದಾರರು ಗೋಡೆಯನ್ನು ನೋಡುತ್ತ, ಗುಟ್ಟು ಹೇಳುವವರಂತೆ ತಗ್ಗಿದ ದನಿಯಲ್ಲಿ ಅಂದರು: "ನನಗೆ ಎಂಥ ಬೇಕು ಅಂತ ಗೊತ್ತಾಗುವುದಿಲ್ಲ ಅಮ್ಮಾ. ಇಷ್ಟು ವರ್ಷ ಯಾರೂ ಕೇಳ್ಲಿಲ್ಲ. ಸ್ವಲ್ಪ ದಿನ ಮನೇಲಿ ಕೂತು ನೋಡ್ತೇನೆ ಅಂತ ಹೇಳಿ."

ಹಾಗೆಂದೇ ಹೇಳಬಹುದಿತ್ತು. ಇಂಗ್ಲಿಷಿನಲ್ಲಿ ಅದು ಬಹಳ ಸುಲಭದ ವಾಕ್ಯ, ಶಾಲೆಯ ಮಕ್ಕಳೂ ಹೇಳಿಯಾರು. ಆದರೆ ದೊರೆಸಾನಿ ಪೆನ್ಸಿಲ್ ಹಿಡಿದು ಕಾಯುತ್ತಿದ್ದರು, ಅಪ್ಪ ಗಂಟಲು ಸರಿಮಾಡಿಕೊಂಡರು, ಹೊರಗೆ ಇನ್ನೂ ಸಾಲು ನಿಂತಿತ್ತು. ತನಗೆ ಏನು ಬೇಕೋ ಗೊತ್ತಿಲ್ಲ ಎನ್ನುವ ಮಾತನ್ನು ಅಷ್ಟು ಜನರ ಮುಂದೆ ಗಟ್ಟಿಯಾಗಿ ಹೇಳುವುದು, ಅದು ಬೇರೆಯವರ ಮಾತೇ ಆಗಿದ್ದರೂ, ಮೈಮೇಲಿನ ಸೀರೆ ಜಾರಿದಷ್ಟು ನಾಚಿಕೆಯೆನಿಸಿತು ಅವಳಿಗೆ. ವಾರ್ಡನ್ ದನಿ ಹೇಳಿತು: ಅವರು ಒಂದು ಅಂಗಡಿ ಇಡಲು ಬಯಸುತ್ತಾರೆ. ಅಂಗಡಿಯೇ ಯಾಕೆ? ಅವಳ ಮನೆಯಲ್ಲಿ ಎಲ್ಲರೂ ಮಾಡುವುದು ಅದನ್ನೇ, ಅವಳ ಅಜ್ಜ ಘಟ್ಟದ ಕೆಳಗಿನಿಂದ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಬಂದವರು. ಬಾಯಿಗೆ ಬಂದದ್ದು ಅದೇ. ದೊರೆಸಾನಿಯ ಮುಖ ಅರಳಿತು. ಬರ್ಮಾದ ಕಾಡಿನಲ್ಲಿ ಮಗನನ್ನು ಕಳೆದುಕೊಂಡ ಹೆಂಗಸು. ಯಾರಾದರೂ ಏನಾದರೂ ಬಯಸುತ್ತಾರೆಂದರೆ ಸಾಕು ಅವರಿಗೆ. ಎಲ್ಲ ಆಯಿತೆಂದು ಹೇಳು, ಅಂಗಡಿ ಮಾದಾಪುರದಲ್ಲಿ ಎಂದರು. ಕಾಂತಮ್ಮ ಹವಲ್ದಾರರ ಕಡೆ ತಿರುಗಿ, ಕಣ್ಣೆತ್ತದೆ, ಮಾದಾಪುರದಲ್ಲಿ ನೀವು ಅಂಗಡಿ ನಡೆಸಬೇಕಂತೆ ಎಂದಳು. ಅವರು ಅವಳನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಹಿಮ್ಮಡಿ ಜೋಡಿಸಿ ಸಲಾಮು ಹೊಡೆದು, ತಿರುಗಿ ಹೊರಟುಹೋದರು. ಆ ತಿರುಗುವಿಕೆಯಲ್ಲಿ ಎಷ್ಟೋ ದಿನಗಳ ಅಲೆದಾಟ ಮುಗಿದವರ ನೆಮ್ಮದಿಯಂಥದೇನೋ ಇತ್ತು. ಹುಕುಂ ಸಿಕ್ಕಿತ್ತು.

ಮಾದಾಪುರಕ್ಕೆ ಇನ್ನೊಂದು ಏರು ಉಳಿದಿತ್ತು. ಬೇಲಿಯಾಚೆ ಕಾಫಿ ಹಣ್ಣು ಕುಯ್ಯುವ ಹೆಂಗಸರು ಗೋಣಿ ಸುತ್ತಿಕೊಂಡು ಗಿಡಗಳ ನಡುವೆ ಮುಳುಗಿ ಏಳುತ್ತಿದ್ದರು. ಲೆಕ್ಕ ಬರೆಯುವ ರೈಟರು ಎಲ್ಲಿಂದಲೋ ಬಯ್ಯುತ್ತಿದ್ದ, ಯಾರೋ ಹೆಂಗಸು ಅವನ ದನಿಯನ್ನೇ ಅಣಕಿಸಿದಳು, ಗಿಡಗಳೆಲ್ಲ ನಕ್ಕವು. ಎಷ್ಟು ಸಲೀಸಾಗಿ ಅಣಕಿಸುತ್ತಾಳೆ ಎಂದು ಕಾಂತಮ್ಮನಿಗೆ ಆಸೆಯಾಯಿತು. ಕಾರು ಗೊರಗೊರ ಅನ್ನುತ್ತ ನಿಧಾನವಾಯಿತು, ಅವಳು ಬಾಗಿಲಿನ ಹಿಡಿಗೆ ಕೈಹಾಕಿದಳು, ಧರ್ಮಪಾಲ ಒಂದು ಬಯ್ಗುಳ ಬಯ್ದ, ಕಾರು ಮತ್ತೆ ಓಡಿತು.

ಅಂಗಡಿಗೆ ಮೊದಲ ಸಲ ಹೋದಾಗ ಅವಳಿಗೆ ನಗು ಬಂದಿತ್ತು. ಸಾಮಾನೆಲ್ಲ ಪೆರೇಡಿಗೆ ನಿಂತಂತಿತ್ತು. ಟಿನ್ನುಗಳೆಲ್ಲ ಮುಖ ಮುಂದೆ ಮಾಡಿ, ನಡುವೆ ಸಮನಾದ ಸಂದು ಬಿಟ್ಟು ನಿಂತಿದ್ದವು. ಹಗ್ಗದ ಸುರುಳಿ, ಪೊರಕೆ, ಉಪ್ಪಿನ ಮೂಟೆ ಎಲ್ಲಕ್ಕೂ ಅದರದರ ಜಾಗ. ಹವಲ್ದಾರರು ಬಂದವರಿಗೆಲ್ಲ ಎದ್ದು ನಿಲ್ಲುತ್ತಿದ್ದರು. ಆಮೇಲೆ ಆಮೇಲೆ ಅವಳಿಗೆ ಬೇರೆಯೂ ಕಾಣತೊಡಗಿತು. ಅವರ ಮನೆತನದಲ್ಲಿ ತಕ್ಕಡಿ ಹಿಡಿದವರು ಯಾರೂ ಇಲ್ಲ. ಗದ್ದೆ, ಕೋವಿ, ಪಲ್ಟನ್ನು, ಇಷ್ಟೇ ಗೊತ್ತಿದ್ದ ಮನೆ. ಅಂಗಡಿಗೆ ನಂಟರಲ್ಲಿ ಹಿರಿಯರು ಯಾರಾದರೂ ಬಂದರೆ ಹವಲ್ದಾರರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಇಳಿದು ಬಂದು, ಕೊಡವರ ಕ್ರಮದಂತೆ ಮೂರು ಸಲ ಕಾಲು ಮುಟ್ಟಿ ಹಣೆಗೊತ್ತಿಕೊಳ್ಳುತ್ತಿದ್ದರು. ಹಿರಿಯರು ತಲೆ ಮೇಲೆ ಕೈಯಿಟ್ಟು ಹರಸುತ್ತಿದ್ದರು. ಹಾಗೆ ಕಾಲು ಮುಟ್ಟಿದ ಕೈಯನ್ನು ಅವರ ಮುಂದೆಯೇ ಕಾಸಿಗೆ ಚಾಚುವುದು ಹೇಗೆ? ಬಾಗಿಲಿಗೆ ಬಂದವರು ನಂಟರು, ನಂಟರಿಗೆ ಕಾಫಿ, ಹೋಗುವಾಗ ಕೈಗೆ ಬೆಲ್ಲವೋ ಹೊಗೆಸೊಪ್ಪೋ. ಸುತ್ತಿನ ಊರುಗಳಲ್ಲಿ ನಂಟರಲ್ಲದವರೇ ಕಡಿಮೆ. ಬೋಣಿಯನ್ನೇ ಹಾಗೆ ಕೊಟ್ಟರೆಂದು ಕೇಳಿ ಕಾಂತಮ್ಮನ ವ್ಯಾಪಾರಸ್ಥ ನೆತ್ತರು ಬೆಚ್ಚಿತ್ತು. ಹಲಗೆಗಳು ಖಾಲಿಯಾದದ್ದನ್ನು ಕಂಡು ದೊರೆಸಾನಿ ಸಂತೋಷದಿಂದ ಕೈ ತಟ್ಟಿದರು. ಎಷ್ಟು ಬೇಗ ಮಾರಾಟವಾಗಿದೆ! ಅಪ್ಪ ತಮ್ಮ ಮಂಡಿಯಿಂದ ಸಮಿತಿಯ ಖರ್ಚಿನಲ್ಲಿ ಮತ್ತೆ ಸಾಮಾನು ತುಂಬಿಸಿದರು. ಸಾಮಾನು ಮಾರಿಹೋದದ್ದಲ್ಲವೆಂದು ಅಪ್ಪನಿಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿದೆಯೆಂದು ಕಾಂತಮ್ಮನಿಗೆ ಗೊತ್ತಿತ್ತು. ದೊರೆಸಾನಿಯ ಮಾತನ್ನು ಕನ್ನಡಕ್ಕೆ ತಿರುಗಿಸಿದವಳು ಅವಳೇ. "ಬಹಳ ಚೆನ್ನಾಗಿ ನಡೆಸ್ತಾ ಇದ್ದೀರಂತೆ." ಹವಲ್ದಾರರು ಸಲಾಮು ಮಾಡಿದ್ದರು.

ಆ ಸಲವೇ, ಉಳಿದವರು ಹೊರಗೆ ನಡೆದ ಮೇಲೆ, ಅವರು ಗಲ್ಲಾದ ಮೇಲಿನಿಂದ ಸ್ವಲ್ಪ ಬಾಗಿ ಕೇಳಿದರು: "ಅಮ್ಮಾ, ಬದಲಿ ಯಾವಾಗ ಬರ್ತಾರೆ?"

ಏನು ಬದಲಿ ಎಂದು ಅವಳಿಗೆ ಹೊಳೆಯಲಿಲ್ಲ. ಟಿನ್ನು ಬದಲಿಸಿಕೊಡುವವರ ಮಾತಿರಬೇಕೆಂದುಕೊಂಡು, ಬೀಗ ಹಾಕಿದ ಬಾಯಿಗಿದ್ದ ಒಂದೇ ಕೀಲಿಕೈ ತಿರುಗಿಸಿದಳು: "ಬರ್ತಾರೆ." ಅವರ ಮುಖದ ಮೇಲೆ ಬೆಳಕು ಹಾದುಹೋಯಿತು. ಮನೆಗೆ ಮರಳುವಾಗ, ಬಸ್ಸಿನ ಕಂಬಿ ಹಿಡಿದು ತೂಕಡಿಸುತ್ತಿದ್ದವಳಿಗೆ ಒಮ್ಮೆಲೇ ಅರ್ಥವಾಯಿತು. ಕಾವಲಿಗೆ ನಿಂತವನ ಜಾಗಕ್ಕೆ ಬರುವವನು. ಅವನು ಬರುವವರೆಗೆ ಜಾಗ ಬಿಡುವಂತಿಲ್ಲ. ಹವಲ್ದಾರರು ಅಂಗಡಿ ನಡೆಸುತ್ತಿರಲಿಲ್ಲ, ಅಂಗಡಿಯಲ್ಲಿ ಕಾವಲು ನಿಂತಿದ್ದರು. ಇಳಿದು ಓಡಿಹೋಗಬೇಕೆನ್ನಿಸಿತು. ಪಕ್ಕದಲ್ಲಿ ಅಪ್ಪ ನಿದ್ದೆಯಲ್ಲಿ ಅವಳ ಭುಜಕ್ಕೆ ಒರಗಿದ್ದರು, ಎಬ್ಬಿಸಲಾಗದೆ ಕುಳಿತಳು. ಆ ದಿನ ದಿನಚರಿಯಲ್ಲಿ, ಬಸ್ಸಿನಲ್ಲಿ ಭುಜ ನೋಯಿತು ಎಂದು ಬರೆದಳು. ಅದೂ ಸುಳ್ಳಲ್ಲ.

ಆಮೇಲೆ ಹೇಳಿದರಾಯಿತು ಅಂದುಕೊಂಡಳು. ಕೈಲುಮುಹೂರ್ತ ಬಂತು, ಕೊಡವರು ಕೋವಿ ಕತ್ತಿಗಳನ್ನೆಲ್ಲ ಕೆಳಗಿಳಿಸಿ ಪೂಜೆ ಮಾಡುವ ಹಬ್ಬ. ಸಮಿತಿಯ ಕಾಣಿಕೆ ಕೊಟ್ಟುಬರಲು ಅಪ್ಪನ ಜೊತೆ ಅವಳೂ ಹೋಗಿದ್ದಳು. ಅಂಗಡಿಯ ಮುಂದೆ ಗುಂಪು ನೆರೆದಿತ್ತು. ಹವಲ್ದಾರರ ದೊಡ್ಡಪ್ಪ ಉತ್ತಯ್ಯನವರು, ಕೊಡವರ ಕುಪ್ಯದ ಮೇಲೆ ಬಿಗಿದ ಚೇಲೆಯೆಂಬ ನಡುಕಟ್ಟಿಗೆ ಪೀಚೆಕತ್ತಿ ಸಿಕ್ಕಿಸಿದ ಬಿಳಿ ಮೀಸೆಯ ಮುದುಕರು, ಹಬ್ಬದಂದು ಕೋವಿಯ ತುದಿಗೆ ಸಿಕ್ಕಿಸುವ ಕೆಂಪು ಹಳದಿ ಹೂವನ್ನು ತಂದು ಎಲ್ಲರೆದುರು ತಕ್ಕಡಿಯ ದಂಡಕ್ಕೆ ಸಿಕ್ಕಿಸಿದರು. "ನಮ್ಮ ಮಗನ ಆಯುಧ ಇದು! ಜಪಾನಿನವನಿಗೆ ಉಪ್ಪು ತೂಗಿ ಕೊಂದವನು!" ಜನ ಬಿದ್ದು ಬಿದ್ದು ನಕ್ಕರು. ಹವಲ್ದಾರರೂ ನಕ್ಕರು. ಆ ನಗುವನ್ನು ಕಾಂತಮ್ಮ ಗುರುತಿಸಿದಳು. ಕನ್ನಡಿಯಲ್ಲಿ ಕಂಡಂತೆ. ಅವರು ಆ ಹೂವನ್ನು ತೆಗೆಯಲಿಲ್ಲ, ಅದು ಅಲ್ಲೇ ಬಾಡಿ ಎಸಳು ಉದುರಿಸಿತು, ತಕ್ಕಡಿಯ ತಟ್ಟೆಗೆ ಬಿದ್ದ ಎಸಳನ್ನು ಮಾತ್ರ ಊದಿ ತೆಗೆದು ತೂಗುತ್ತಿದ್ದರಂತೆ.

ಕಾರು ಮಾದಾಪುರದ ಸೇತುವೆ ದಾಟಿ ನಿಂತಿತು. ದೊರೆಸಾನಿ ಇನ್ನೂ ಬಂದಿರಲಿಲ್ಲ. ಅಪ್ಪ ಫೋಟೋದವನನ್ನು ಹುಡುಕುತ್ತ ಮುಂದೆ ಹೋದರು. ಅತ್ತಿಮರದ ಕೆಳಗೆ ಕಲ್ಲಿನ ಮೇಲೆ ಉತ್ತಯ್ಯನವರು ಒಬ್ಬರೇ ಕುಳಿತಿದ್ದರು. ಅವಳನ್ನು ಕಂಡು ದೊಣ್ಣೆಯೂರಿ ಎದ್ದು ಬಂದರು. ಇವರೂ ಏನಾದರೂ ಹೀಯಾಳಿಸುತ್ತಾರೆಂದು ಅವಳು ಮೊದಲೇ ತುಟಿ ನಗುವಿಗೆ ಜೋಡಿಸಿಕೊಂಡಳು.

"ನೀವೇ ಅಲ್ಲವಾ ಅಮ್ಮಾ ಇಂಗ್ಲಿಷ್ ಮಾತಾಡುವವರು? ಪರಮೇಶಪ್ಪನ ಮಗಳು?"

"ಹೌದು."

"ನಮ್ಮ ಹುಡುಗ ಹುತ್ತರಿ ಹಬ್ಬಕ್ಕೆ ಮನೆಗೆ ಬರ್ಲಿಲ್ಲ, ಗೊತ್ತುಂಟಾ ನಿಮಗೆ? ಕದಿರು ತೆಗೆಯುವಾಗ ಒಕ್ಕದವರೆಲ್ಲ, ಮನೆತನದ ಒಬ್ಬೊಬ್ಬರೂ ಇರ್ಬೇಕು. ಯುದ್ಧದಲ್ಲಿ ಇದ್ದಾಗ ಬರ್ಲಿಲ್ಲ, ಅದು ಬೇರೆ ಮಾತು. ಈಗ ಎಂಥ, ಗುಡ್ಡ ಇಳಿದ್ರೆ ಮನೆ! ಅವನ ಅವ್ವ ಕಾದು ಕಾದು ಕಡೆಗೆ ಅವನ ಪಾಲಿನ ಪಾಯಸ ತಕೊಂಡು ಇಲ್ಲಿಗೇ ನಡ್ಕೊಂಡು ಬಂದ್ಲು. ಕತ್ತಲಲ್ಲಿ ಹಬ್ಬದ ಈಡು ಹಾರಿಸಿದ್ದು ಕೇಳಿ ಇವನು ಗೋಣಿ ಮೂಟೆ ಹಿಂದೆ ಕೂತಿದ್ದನಂತೆ."

ನಗುವಿಗೆ ಜೋಡಿಸಿದ ತುಟಿಯನ್ನು ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ.

"ನಾನು ತಮಾಷೆ ಮಾಡಿದೆ. ಹೌದು, ಮಾಡಿದೆ. ರೋಷ ಬಂದು ತಕ್ಕಡಿ ಬಿಸಾಕಿ ಬರ್ತಾನೆ ಅಂತ ಮಾಡಿದ್ದು. ಅವನಿಗೆ ರೋಷವೇ ಬರ್ಲಿಲ್ಲ. ಬೈದೆ, ಕೈ ಹಿಡಿದು ಎಳೆದೆ. ಹುಕುಂ ಉಂಟು ದೊಡ್ಡಪ್ಪ, ಬದಲಿ ಬರುವವರೆಗೆ ಬಿಡ್ಲಿಕ್ಕಿಲ್ಲ ಅಂತಾನೆ. ಯಾರ ಹುಕುಂ ಅಂತ ಕೇಳಿದ್ರೆ..." ಮುದುಕರು ದೊಣ್ಣೆಯಿಂದ ನೆಲ ಕೆರೆದರು. "ನಿಮ್ಮ ಹೆಸರು ಹೇಳ್ತಾನೆ. ಆ ಅಮ್ಮನ ಬಾಯಿಂದ ಬಂದದ್ದು ಅಂತಾನೆ. ಇವತ್ತು ಮೂರು ವರ್ಷಕ್ಕೆ ಬರ್ಕೊಡ್ತಾನಂತಲ್ಲ? ಬರ್ಕೊಟ್ರೆ ಅವನು ಅಲ್ಲೇ ಮುಗೀತಾನೆ, ನಾನು ಹೇಳ್ತೇನೆ ನಿಮಗೆ. ಅಂಥವರನ್ನು ನಾನು ಹಿಂದಿನ ಲಡಾಯಿಯಲ್ಲಿ ನೋಡಿದ್ದೇನೆ."

"ನಾನು ಏನು ಮಾಡ್ಲಿ ಅಜ್ಜಾ? ನಾನು ಬರೀ ಮಾತು ತಿರುಗಿಸಿ ಹೇಳೋಳು."

"ಹಾಗಾದ್ರೆ ತಿರುಗಿಸಿ ಹೇಳಿ" ಎಂದರು ಉತ್ತಯ್ಯನವರು, ಸಿಟ್ಟಿನಿಂದಲ್ಲ, ದಣಿವಿನಿಂದ. "ನಾವು ಹೇಳಿದ್ರೆ ಅವನ ಕಿವಿಗೆ ಹೋಗುವುದಿಲ್ಲ."

ಅಂಗಡಿಯವರೆಗಿನ ದಾರಿ ಚಿಕ್ಕದಿತ್ತು. ತಾನು ಹೇಳಿದರೂ ಏನಾದೀತು ಎಂದು ಅವಳು ತನಗೆ ತಾನೇ ವಾದಿಸಿದಳು. ಹುಕುಂ ಅಲ್ಲವೆಂದು ಹವಲ್ದಾರರಿಗೆ ಒಳಗೊಳಗೇ ಗೊತ್ತಿಲ್ಲದೆ ಇರುತ್ತದೆಯೇ? ಅಷ್ಟು ದೇಶ ನೋಡಿದವರು, ಸರ್ಕಾರ ಯಾರನ್ನಾದರೂ ಬೆಲ್ಲ ಮಾರಲು ಕಾವಲು ನಿಲ್ಲಿಸುತ್ತದೆಂದು ನಂಬುತ್ತಾರೆಯೇ? ಗೊತ್ತಿರಬೇಕು. ಆದರೆ ಹುಕುಂ ಅಂದುಕೊಂಡರೆ ಸುಲಭ. ಏನು ಬೇಕೆಂದು ತನ್ನನ್ನು ತಾನು ಕೇಳಿಕೊಳ್ಳಬೇಕಿಲ್ಲ. ಹೀಯಾಳಿಸಿದವರ ಜೊತೆ ನಗಬಹುದು, ಹೂವು ಬಾಡುವವರೆಗೆ ಬಿಡಬಹುದು. ಹಾಗಿದ್ದರೆ ಆ ಆಸರೆಯನ್ನು ಕಿತ್ತುಕೊಳ್ಳಲು ತಾನು ಯಾರು? ಈ ವಾದ ಎಷ್ಟು ಚೆಂದವಾಗಿತ್ತೆಂದರೆ ಅದರ ಮೇಲೆ ಅವಳಿಗೇ ಅಸಹ್ಯ ಬಂತು. ಮಂಡಿಯ ಹಿಂದಿನ ಕೋಣೆಯಲ್ಲಿ ಮದರಾಸಿನ ಮಾತೆತ್ತದೆ ಹಪ್ಪಳ ಎಣಿಸುತ್ತ ಕುಳಿತವಳಿಗೂ ಇದೇ ವಾದ ಇತ್ತಲ್ಲ. ಅಮ್ಮನಿಗೆ ಕೈಲಾಗುವುದಿಲ್ಲ. ಅಪ್ಪ ಬೇಡವೆಂದಿಲ್ಲವಲ್ಲ. ಬೇಡವೆಂದವರು ಯಾರೂ ಇಲ್ಲ.

ಹವಲ್ದಾರರು ಸಮವಸ್ತ್ರ ತೊಟ್ಟು ಬಾಗಿಲಲ್ಲಿ ನಿಂತಿದ್ದರು. ಎದೆಯ ಮೇಲೆ ಪದಕಗಳು. ಕಾಲರು ಕುತ್ತಿಗೆಗೆ ಸಡಿಲವಾಗಿತ್ತು, ಮಡಿಕೇರಿಯಲ್ಲಿ ಅದೇ ಕಾಲರು ಬಿಗಿಯಾಗಿ ಕೂತಿದ್ದು ಅವಳಿಗೆ ನೆನಪಿತ್ತು. ದೊರೆಸಾನಿ ಬಂದರು. ಟಿನ್ನುಗಳನ್ನು ಒಂದೊಂದಾಗಿ ಮುಟ್ಟುತ್ತ ನಡೆದರು, ಮಕ್ಕಳ ತಲೆ ಸವರಿದ ಹಾಗೆ. ಬರುವ ತಿಂಗಳು ಅವರು ಊರಿಗೆ ಹೋಗುವವರಿದ್ದರು, ಮತ್ತೆ ಬರುವುದಿಲ್ಲ. ಈ ದೇಶದಲ್ಲಿ ತಾನು ಮಾಡಿದ ಕೆಲಸಗಳಲ್ಲಿ ನೆಟ್ಟಗೆ ನಿಂತದ್ದು ಇದೊಂದೇ, ಇದನ್ನು ಭದ್ರ ಮಾಡಿ ಹೋದರೆ ನೆಮ್ಮದಿ, ತನ್ನ ಮಗ ಬದುಕಿ ಬಂದಿದ್ದರೆ ಅವನಿಗೂ ಇಂಥದೇ ಏನಾದರೊಂದು ಬೇಕಾಗುತ್ತಿತ್ತು, ಇದನ್ನೆಲ್ಲ ಹೇಳು ಎಂದರು. ಕಾಂತಮ್ಮ ಹೇಳಿದಳು. ಒಂದು ಮಾತೂ ಬಿಡದೆ ಹೇಳಿದಳು. ಹವಲ್ದಾರರು ತಲೆ ಬಾಗಿಸಿ ಕೇಳಿ, "ಮಗ ಎಲ್ಲಿ ಹೋದದ್ದು?" ಎಂದರು. ದೊರೆಸಾನಿ ಬರ್ಮಾದ ಒಂದು ನದಿಯ ಹೆಸರು ಹೇಳಿದರು. ಅದನ್ನು ತಿರುಗಿಸುವ ಅಗತ್ಯ ಬೀಳಲಿಲ್ಲ. ಹವಲ್ದಾರರ ಕೈ ತನ್ನಷ್ಟಕ್ಕೆ ಗಲ್ಲಾದ ಅಂಚನ್ನು ಹಿಡಿದುಕೊಂಡಿತು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡದೆ ಒಂದೇ ಕಡೆ ನೋಡುತ್ತ ನಿಂತಿದ್ದರು. ಇಷ್ಟು ಒಳ್ಳೆಯ ಹೆಂಗಸಿಗೆ ಸುಳ್ಳು ಹೇಳಿದೆನಲ್ಲ ಎಂದು ಕಾಂತಮ್ಮನಿಗೆ ಮೊದಲ ಬಾರಿ ಅನಿಸಿತು. ಇದುವರೆಗೆ ಅದನ್ನು ಅವಳು ಹವಲ್ದಾರರಿಗೆ ಮಾಡಿದ ತಪ್ಪೆಂದು ಮಾತ್ರ ಲೆಕ್ಕವಿಟ್ಟಿದ್ದಳು.

ಅಪ್ಪ ಕರಾರನ್ನು ಗಲ್ಲಾದ ಮೇಲೆ ಹರಡಿ, ಹಾರದಂತೆ ತೂಕದ ಕಲ್ಲಿಟ್ಟರು. ಫೋಟೋದವನು ಕರಿ ಬಟ್ಟೆಯೊಳಗೆ ತಲೆ ಹಾಕಿದ. ಉತ್ತಯ್ಯನವರು ಅಂಗಡಿಯ ಒಳಗೆ ಕಾಲಿಡದೆ ಹೊರಗಿನ ಬಿಸಿಲಲ್ಲಿಯೇ ನಿಂತಿದ್ದರು.

"ಹೇಳವ್ವ ಕಾಂತೂ. ಬಿಸ್ಲು ಹೋಗ್ಬುಟ್ರೆ ಫೋಟೋ ಸರಿಯಾಗಿ ಬರಲ್ವಂತೆ."

"ಮೂರು ವರ್ಷ" ಎಂದಳು ಅವಳು. ಹಾಳೆಯ ಮೇಲೆ ಬೆರಳಿಟ್ಟಳು. ಮತ್ತೆ ಅಂದಳು. "ಮೂರು ವರ್ಷ ಅಂಗಡಿ ನೀವೇ ನಡೆಸಬೇಕು ಅಂತ ಇದರಲ್ಲಿ ಬರೆದಿದೆ. ಸೀಮೆಎಣ್ಣೆ ಸಕ್ಕರೆ ಡಿಪೋ ನಿಮಗೆ ಬರುತ್ತೆ. ನಡುವೆ ಬಿಟ್ಟು ಹೋಗೋ ಹಾಗಿಲ್ಲ."

"ಮೂರು ವರ್ಷ." ಹವಲ್ದಾರರು ಆ ಮಾತನ್ನು ನಾಲಗೆಯ ಮೇಲೆ ಇಟ್ಟು ನೋಡಿದರು. "ಆಮೇಲೆ ಬದಲಿ ಬರ್ತಾರಾ?"

"ಬತ್ತಾರೆ, ಬತ್ತಾರೆ ಹವಲ್ದಾರ್ರೇ, ಎಲ್ಲಾ ಬತ್ತಾರೆ" ಎಂದರು ಅಪ್ಪ ನಗುತ್ತ. "ಮೊದ್ಲು ರುಜು ಹಾಕಿ ಅತ್ಲಾಗೆ."

ಏನಂತೆ, ಅವರಿಗೆ ಏನಾದರೂ ಸಂಶಯವಿದೆಯೇ ಎಂದು ದೊರೆಸಾನಿ ಇಂಗ್ಲಿಷಿನಲ್ಲಿ ಕೇಳಿದರು. ಉತ್ತರ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಸಂಶಯವೇನೂ ಇಲ್ಲ, ಅವರಿಗೆ ಬಹಳ ಸಂತೋಷವಾಗಿದೆ. ಅಷ್ಟು ಹೇಳಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಬಹುದು. ಗಲ್ಲಾದ ಮರದ ಮೇಲೆ ಬೆಲ್ಲದ ಜಿಗುಟಿಗೆ ಒಂದು ಇರುವೆ ಅಂಟಿಕೊಂಡು ಮುಂಗಾಲೆತ್ತಿ ಎಳೆಯುತ್ತಿತ್ತು. ಹವಲ್ದಾರರು ಪೆನ್ನು ತೆಗೆದುಕೊಂಡರು. ಹಾಳೆಯ ಮೇಲೆ ಬಾಗಿದವರು ಹಾಗೇ ನಿಂತು, ಕತ್ತೆತ್ತಿ, ಅಪ್ಪನನ್ನಲ್ಲ, ದೊರೆಸಾನಿಯನ್ನಲ್ಲ, ಅವಳನ್ನು ನೋಡಿದರು. ಕಣ್ಣ ಸುತ್ತ ಬಹಳ ದಿನ ನಿದ್ದೆಯಿಲ್ಲದವರ ಬೂದಿ ಬಣ್ಣ. ಅದರೊಳಗೆ ಒಂದು ಬಗೆಯ ವಿಧೇಯ ಕುತೂಹಲ.

"ಹುಕುಂ ಆದ್ರೆ ಹಾಕ್ತೇನೆ ಅಮ್ಮಾ" ಎಂದರು. "ಹುಕುಂ ತಾನೇ?"

"ಹೂಂ ಅನ್ನವ್ವ" ಎಂದರು ಅಪ್ಪ ಪಕ್ಕದಿಂದ, ಮೆಲ್ಲಗೆ.

ಅವಳ ಕೈ ಗಲ್ಲಾದ ಮೇಲಿನ ತೂಕದ ಕಲ್ಲಿನ ಮೇಲಿತ್ತು, ಯಾವಾಗ ಅಲ್ಲಿಟ್ಟಳೋ ಅವಳಿಗೇ ತಿಳಿಯದು. ಕಲ್ಲು ತಣ್ಣಗಿತ್ತು. ಅದನ್ನು ಎತ್ತಿದಳು. ಕರಾರಿನ ಹಾಳೆ ಗಾಳಿಗೆ ಒಮ್ಮೆ ಎದ್ದು, ಮಗುಚಿ, ಉಪ್ಪಿನ ಮೂಟೆಯ ಮೇಲೆ ಹೋಗಿ ಕೂತಿತು. ಅಪ್ಪ "ಏಯ್" ಎಂದರು. ಫೋಟೋದವನು ಕರಿ ಬಟ್ಟೆಯಿಂದ ತಲೆ ಹೊರಹಾಕಿದ.

"ಹುಕುಂ ಇಲ್ಲ ಹವಲ್ದಾರ್ರೇ" ಎಂದಳು ಕಾಂತಮ್ಮ. "ಯಾವತ್ತೂ ಇರ್ಲಿಲ್ಲ."